ಮೊದಲು ಮಾನಿಟರ್ ನೋಡಿ, ಆಮೇಲೆ ಪಟ್ಟಿ ಬರೆಯಿರಿ

ಮೂರು ತಿಂಗಳ ಹಿಂದೆ ಚಿಕ್ಕಮ್ಮನ ಮಗ ಒಂದು ಪಟ್ಟಿ ಕಳಿಸಿದ. "ಅಣ್ಣ, ಎರಡು ವರ್ಷದಿಂದ ದುಡ್ಡು ಕೂಡಿಟ್ಟಿದೀನಿ. ಗೇಮಿಂಗ್ ಪಿಸಿ ನಾನೇ ಜೋಡಿಸ್ತೀನಿ. ಇದು ಸರಿ ಇದೆಯಾ ನೋಡು" ಎಂದ. ಪಟ್ಟಿಯಲ್ಲಿ 8 ಕೋರ್, ಅಂದರೆ ಲೆಕ್ಕ ಮಾಡುವ ಎಂಟು ಘಟಕಗಳಿರುವ, ಪ್ರೊಸೆಸರ್ ಇತ್ತು. ಅದಕ್ಕೊಂದು ವಾಟರ್ ಕೂಲರ್, ದುಬಾರಿ ಮದರ್‌ಬೋರ್ಡ್ (ಎಲ್ಲ ಭಾಗಗಳೂ ಕೂರುವ ಬೋರ್ಡ್), ಸುತ್ತಲೂ ಬಣ್ಣದ ಲೈಟ್ ಇರುವ ಕ್ಯಾಬಿನೆಟ್. ಇಷ್ಟೆಲ್ಲ ಆದ ಮೇಲೆ ಉಳಿದ ಹಣಕ್ಕೆ, ಪರದೆಯ ಚಿತ್ರ ಬಿಡಿಸುವ ಒಂದು 4 ಜಿಬಿ ಗ್ರಾಫಿಕ್ಸ್ ಕಾರ್ಡ್. ಪವರ್ ಸಪ್ಲೈ ಅಂತ ಬರೆದು ಅದರ ಮುಂದೆ "ಯಾವುದಾದರೂ" ಎಂದಿತ್ತು.

ನನಗೆ ಬೇಜಾರಾಯಿತು. ಅವನ ಮೇಲಲ್ಲ. ಎರಡು ವರ್ಷ ಆಸೆಪಟ್ಟು ಕೂಡಿಟ್ಟ ಹಣ ಅದು. ಅದು ಹೋಗಬೇಕಾದ ಕಡೆ ಹೋಗದೆ, ಕಣ್ಣಿಗೆ ಚೆನ್ನಾಗಿ ಕಾಣುವ ಕಡೆಗೆಲ್ಲ ಹೋಗುವುದರಲ್ಲಿತ್ತು. ಮೊದಲ ಸಲ ಪಿಸಿ ಜೋಡಿಸುವ ಬಹಳ ಜನ ಇದೇ ದಾರಿಯಲ್ಲಿ ಹೋಗುತ್ತಾರೆ. ನಾನೂ ಹೋಗಿದ್ದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಅವನಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದೆ. "ಮಾನಿಟರ್ ಯಾವುದು?"

"ಹಳೇದು ಇದೆಯಲ್ಲಾ ಅಣ್ಣ, ಅದೇ ಸಾಕು" ಎಂದ. ಆ ಹಳೇದು 60 ಹರ್ಟ್ಸ್‌ನದು. ಅಂದರೆ ಸೆಕೆಂಡಿಗೆ 60 ಸಲ ಮಾತ್ರ ಚಿತ್ರ ಬದಲಾಗುತ್ತದೆ. ಒಳಗಿನ ಪಿಸಿ ಸೆಕೆಂಡಿಗೆ 150 ಚಿತ್ರ ತಯಾರಿಸಿದರೂ ಪರದೆ ತೋರಿಸುವುದು 60 ಬಾರಿಯೇ. ಪಿಸಿಯ ಕೆಲಸವೆಲ್ಲ ಕೊನೆಗೆ ಬಂದು ನಿಲ್ಲುವುದು ಆ ಪರದೆಯ ಮೇಲೆ. ಅದನ್ನು ಬಿಟ್ಟು ಲೆಕ್ಕ ಹಾಕಿದರೆ ಉಳಿದ ಲೆಕ್ಕವೆಲ್ಲ ತಪ್ಪುತ್ತದೆ.

ಪರದೆ ದೊಡ್ಡದಾದಷ್ಟೂ ಕಾರ್ಡ್‌ಗೆ ಕೆಲಸ ಜಾಸ್ತಿ ಎಂದು ಹೆಚ್ಚಿನವರು ತಿಳಿದಿರುತ್ತಾರೆ. ಇಂಚು ಎಷ್ಟು ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಚುಕ್ಕೆಗಳು ಎಷ್ಟು ಅನ್ನುವುದು ಬರುತ್ತದೆ. 1920 × 1080 ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್ ಇರುತ್ತವೆ. 2560 × 1440 ಆದರೆ ಸುಮಾರು 36.9 ಲಕ್ಷ. 4ಕೆ ಆದರೆ ಸುಮಾರು 83 ಲಕ್ಷ, ಅಂದರೆ ಮೊದಲನೆಯದರ ನಾಲ್ಕು ಪಟ್ಟು. ಪ್ರತಿ ಚಿತ್ರದಲ್ಲೂ ಅಷ್ಟೂ ಚುಕ್ಕೆಗಳಿಗೆ ಕಾರ್ಡ್ ಬಣ್ಣ ತುಂಬಬೇಕು. ಕೈಯಲ್ಲಿ ಹಣ ಕಡಿಮೆ ಇರುವಾಗ 1080ಪಿ (ಮೇಲೆ ಹೇಳಿದ 1920 × 1080), 144 ಹರ್ಟ್ಸ್ ಮಾನಿಟರ್ ಹಿಡಿದುಕೊಂಡು ಲೆಕ್ಕ ಶುರುಮಾಡಿ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. 60 ಹರ್ಟ್ಸ್‌ನಲ್ಲಿ ಒಂದು ಚಿತ್ರ 16.7 ಮಿಲಿಸೆಕೆಂಡ್ ನಿಲ್ಲುತ್ತದೆ, 144ರಲ್ಲಿ 6.9. ಈ ವ್ಯತ್ಯಾಸ ಕಾಣುವುದಷ್ಟೇ ಅಲ್ಲ, ಮೌಸ್ ಹಿಡಿದ ಕೈಗೂ ತಿಳಿಯುತ್ತದೆ.

ಈಗ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ ಹಣದ ದೊಡ್ಡ ಪಾಲು ಇಲ್ಲೇ ಹೋಗುತ್ತದೆ.

ಆಟದ ಪ್ರತಿ ಚಿತ್ರಕ್ಕೂ ಎರಡು ಕೈ ಕೆಲಸ ಮಾಡುತ್ತವೆ. ಯಾರು ಎಲ್ಲಿದ್ದಾರೆ, ಗುಂಡು ಎತ್ತ ಹೋಯಿತು, ಏನೇನು ಬಿಡಿಸಬೇಕು ಎಂದು ಪ್ರೊಸೆಸರ್ ಸಿದ್ಧ ಮಾಡಿ ಕೊಡುತ್ತದೆ. ಕಾರ್ಡ್ ಅದನ್ನು ಬಿಡಿಸುತ್ತದೆ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಂದು ಚಿತ್ರಕ್ಕೆ ಪ್ರೊಸೆಸರ್ 8 ಮಿಲಿಸೆಕೆಂಡ್, ಕಾರ್ಡ್ 14 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ ಅನ್ನಿ. ಇಬ್ಬರಲ್ಲಿ ನಿಧಾನ ಇರುವವರದೇ ಲೆಕ್ಕ. 1000ವನ್ನು 14ರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 71 ಚಿತ್ರ. ಈಗ ತುಂಬಾ ಹಣ ಹಾಕಿ 5 ಮಿಲಿಸೆಕೆಂಡ್‌ನಲ್ಲಿ ಕೆಲಸ ಮುಗಿಸುವ ಪ್ರೊಸೆಸರ್ ತಂದಿರಿ. ಎಷ್ಟು ಚಿತ್ರ ಬಂತು? ಅದೇ 71. ಆ ಹಣವನ್ನೇ ಕಾರ್ಡ್‌ಗೆ ಹಾಕಿ 14ನ್ನು 9ಕ್ಕೆ ಇಳಿಸಿದ್ದರೆ 111 ಚಿತ್ರ ಸಿಗುತ್ತಿತ್ತು.

ತಮ್ಮನ ಪಟ್ಟಿಯಲ್ಲಿ ಆಗಿದ್ದು ಇದೇ. ಪ್ರೊಸೆಸರ್‌ಗೆ ಕೆಲಸ ಇಲ್ಲ, ಕಾರ್ಡ್‌ಗೆ ಉಸಿರಿಲ್ಲ. ಮಾನಿಟರ್ ಬಿಟ್ಟು ಉಳಿದ ಹಣವನ್ನು 100 ಭಾಗ ಮಾಡಿದರೆ 40 ಭಾಗದ ಆಸುಪಾಸು ಕಾರ್ಡ್‌ಗೆ ಇಡಿ, ಪ್ರೊಸೆಸರ್‌ಗೆ ಅದರ ಅರ್ಧ ಸಾಕು. ಕೌಂಟರ್-ಸ್ಟ್ರೈಕ್ 2, ವ್ಯಾಲರಂಟ್ ಥರದ ಆಟಗಳನ್ನೇ ಆಡುವವರು, ಜಾಸ್ತಿ ಎಫ್‌ಪಿಎಸ್ (ಸೆಕೆಂಡಿಗೆ ಬರುವ ಚಿತ್ರಗಳು) ಬೇಕು ಎನ್ನುವವರು ಪ್ರೊಸೆಸರ್ ಕಡೆ ಸ್ವಲ್ಪ ವಾಲಬಹುದು. ಆ ಆಟಗಳಲ್ಲಿ ಕಾರ್ಡ್‌ಗೆ ಹೊರೆ ಕಡಿಮೆ. ಈಗಾಗಲೇ ಪಿಸಿ ಇರುವವರಿಗೆ ಒಂದು ಸುಲಭದ ಪರೀಕ್ಷೆ ಇದೆ. ಆಟದಲ್ಲಿ ರೆಸಲ್ಯೂಶನ್, ಅಂದರೆ ಚುಕ್ಕೆಗಳ ಸಂಖ್ಯೆ, ಇಳಿಸಿ ನೋಡಿ. ಎಫ್‌ಪಿಎಸ್ ಏರಿದರೆ ಹಿಡಿದಿಟ್ಟಿದ್ದು ಕಾರ್ಡ್. ಏರದಿದ್ದರೆ ಪ್ರೊಸೆಸರ್.

6 ಕೋರ್, 12 ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸಗಳು) ಇರುವ ಪ್ರೊಸೆಸರ್ ಮೊದಲ ಗೇಮಿಂಗ್ ಪಿಸಿಗೆ ಚೆನ್ನಾಗಿ ಒಪ್ಪುತ್ತದೆ. ಎಎಂಡಿ ಕಂಪನಿಯ ರೈಜನ್ 5 5600 ಅಥವಾ ಇಂಟೆಲ್ ಐ5-12400ಎಫ್ ಥರದ್ದು. ಇಂಟೆಲ್ ಹೆಸರಿನ ಕೊನೆಯ ಆ "ಎಫ್" ಅಕ್ಷರ ಗಮನಿಸಿ. ಪ್ರೊಸೆಸರ್ ಒಳಗೆ ಗ್ರಾಫಿಕ್ಸ್ ಇಲ್ಲ ಎಂದು ಅದರ ಅರ್ಥ. ರೈಜನ್ 5 5600ರಲ್ಲೂ ಇಲ್ಲ. ಕಾರ್ಡ್ ಹೇಗೂ ಹಾಕುವವರಿಗೆ ತೊಂದರೆ ಇಲ್ಲ. ಆದರೆ ಕಾರ್ಡ್ ಆಮೇಲೆ ತಗೊಳ್ಳೋಣ, ಅಲ್ಲಿಯವರೆಗೆ ಹಾಗೇ ನಡೆಸೋಣ ಎಂದುಕೊಂಡವರಿಗೆ ಪರದೆಯ ಮೇಲೆ ಏನೂ ಬರುವುದಿಲ್ಲ.

"ಅದು ಹಳೇ ಸಾಕೆಟ್ ಅಲ್ವಾ ಅಣ್ಣ?" ಎಂದು ತಮ್ಮ ಕೇಳಿದ. ಸಾಕೆಟ್ ಅಂದರೆ ಬೋರ್ಡ್‌ನಲ್ಲಿ ಪ್ರೊಸೆಸರ್ ಕೂರುವ ಜಾಗ. ಒಳ್ಳೆಯ ಪ್ರಶ್ನೆ. ರೈಜನ್ 5 5600 ಕೂರುವ ಎಎಂ4 ಸಾಕೆಟ್‌ನ ಬೋರ್ಡ್‌ಗಳಿಗೆ 2017ರಲ್ಲಿ ಮೊದಲ ರೈಜನ್ ಬಂತು. 2022ರಲ್ಲಿ ಬಂದ ರೈಜನ್ 7 5800ಎಕ್ಸ್3ಡಿ ಕೂಡ ಇದೇ ಸಾಕೆಟ್‌ನದು. ಹಳೆಯ ಬೋರ್ಡ್ ಇಟ್ಟುಕೊಂಡವರು ಬಯೋಸ್ (ಬೋರ್ಡ್‌ನ ಒಳಗಿನ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡಿ ಐದು ವರ್ಷ ಹೊಸದಾದ ಪ್ರೊಸೆಸರ್ ಹಾಕಿಕೊಂಡರು. 2022ರಲ್ಲೇ ಬಂದ ಎಎಂ5ಗೆ ಮುಂದೆಯೂ ಪ್ರೊಸೆಸರ್ ಬರುತ್ತವೆ, ಆದರೆ ಅದಕ್ಕೆ ಹೊಸ ತಲೆಮಾರಿನ ಡಿಡಿಆರ್5 ರ್‍ಯಾಮ್ ಬೇಕೇ ಬೇಕು. ಹಣ ಒಂದು ಹೆಜ್ಜೆ ಮೇಲಕ್ಕೆ ಎಟುಕಿದರೆ ಎಎಂ5ಗೆ ಹೋಗಿ. ಎಟುಕದಿದ್ದರೆ ಎಎಂ4 ಹಳೇದಾಯಿತು ಎಂದು ಕೊರಗಬೇಡಿ. ನಾಲ್ಕು ವರ್ಷದ ನಂತರದ ಅಪ್‌ಗ್ರೇಡ್‌ಗೋಸ್ಕರ ಇವತ್ತಿನ ಕಾರ್ಡನ್ನು ಬಲಿ ಕೊಡುವುದು ನನಗೆ ಸರಿ ಕಾಣುವುದಿಲ್ಲ.

ಕಾರ್ಡ್‌ನಲ್ಲಿ ಹೆಸರಿನ ಜೊತೆಗೆ ಸಣ್ಣ ಅಕ್ಷರವನ್ನೂ ಓದಿ. ಆರ್‌ಟಿಎಕ್ಸ್ 3060 ಎಂಬ ಒಂದೇ ಹೆಸರಿನಲ್ಲಿ 12 ಜಿಬಿಯದೂ ಇದೆ, 8 ಜಿಬಿಯದೂ ಇದೆ. ಮೆಮೊರಿ ಮಾತ್ರ ಕಡಿಮೆ ಎಂದುಕೊಳ್ಳಬೇಡಿ. ಮೊದಲನೆಯದರ ಮೆಮೊರಿ ದಾರಿ 192 ಬಿಟ್ ಅಗಲ, ಎರಡನೆಯದರದು 128 ಬಿಟ್. ತಮ್ಮ ಬರೆದಿದ್ದ 4 ಜಿಬಿಯ ಆರ್‌ಎಕ್ಸ್ 6500 ಎಕ್ಸ್‌ಟಿ ಕಾರ್ಡ್ ಬೋರ್ಡ್ ಜೊತೆ ಮಾತಾಡುವುದು ನಾಲ್ಕೇ ಲೇನ್‌ಗಳಲ್ಲಿ, ಅಂದರೆ ಮಾಹಿತಿ ಹರಿಯುವ ನಾಲ್ಕೇ ದಾರಿಗಳಲ್ಲಿ. ಹಳೆಯ ಪಿಸಿಐಇ 3.0 (ಕಾರ್ಡ್ ಕೂರುವ ಸ್ಲಾಟ್‌ನ ಹಿಂದಿನ ತಲೆಮಾರು) ಬೋರ್ಡ್‌ನಲ್ಲಿ ಕೂರಿಸಿದರೆ ಅದರ ವೇಗ ಇನ್ನೂ ಕುಗ್ಗುತ್ತದೆ. 1080ಪಿಗೆ 8 ಜಿಬಿ ಇರುವ ಕಾರ್ಡ್‌ನಿಂದಲೇ ನೋಡಲು ಶುರುಮಾಡಿ. ಹೊಸ ದೊಡ್ಡ ಆಟಗಳಲ್ಲಿ ಕೆಲವಕ್ಕೆ ಅದೂ ಸಾಲದೆ ಟೆಕ್ಸ್ಚರ್ (ವಸ್ತುಗಳ ಮೇಲ್ಮೈಯ ಚಿತ್ರ) ಒಂದು ಮೆಟ್ಟಿಲು ಇಳಿಸಬೇಕಾಗುತ್ತದೆ, ಇಳಿಸಿ. ಮೆಮೊರಿ ತುಂಬಿದರೆ ಆಟ ನಿಧಾನವಾಗುವುದಲ್ಲ, ತಡವರಿಸುತ್ತದೆ. ನನ್ನ ಪ್ರಕಾರ ಅದು ಆಡುವವರಿಗೆ ಇನ್ನೂ ಕಷ್ಟ.

ಇನ್ನು ಆ "ಯಾವುದಾದರೂ" ಎಂದು ಬರೆದ ಪವರ್ ಸಪ್ಲೈ.

ನನ್ನ ಮೊದಲ ಪಿಸಿಯಲ್ಲಿ ಕ್ಯಾಬಿನೆಟ್ ಜೊತೆ ಬಂದ ಪವರ್ ಸಪ್ಲೈಯನ್ನೇ ಇಟ್ಟುಕೊಂಡಿದ್ದೆ. ಮೇಲೆ ದಪ್ಪ ಅಕ್ಷರದಲ್ಲಿ 500 ವ್ಯಾಟ್ ಎಂದಿತ್ತು. ಹಾಡು ಕೇಳಿದರೆ, ಸಿನಿಮಾ ನೋಡಿದರೆ ಏನೂ ತೊಂದರೆ ಇಲ್ಲ. ಆಟ ಶುರುವಾಗಿ ಹತ್ತು ನಿಮಿಷಕ್ಕೆ, ಅದೂ ಪರದೆಯಲ್ಲಿ ಹೊಗೆ ಬೆಂಕಿ ಜೋರಾದಾಗ, ಟಪ್ ಅಂತ ಆಫ್. ಕಾರ್ಡ್ ಕೆಟ್ಟಿದೆ ಎಂದುಕೊಂಡೆ. ಎರಡು ಸಲ ವಿಂಡೋಸ್ ಹೊಸದಾಗಿ ಹಾಕಿದೆ. ರ್‍ಯಾಮ್ ತೆಗೆದು ಒರೆಸಿ ಮತ್ತೆ ಕೂರಿಸಿದೆ. ತಿಂಗಳುಗಟ್ಟಲೆ ಹೀಗೇ ಹೋಯಿತು. ಕೊನೆಗೊಂದು ದಿನ ಕ್ಯಾಬಿನೆಟ್ ಬದಿ ಬಿಚ್ಚಿ, ಟಾರ್ಚ್ ಹಿಡಿದು, ಆ ಡಬ್ಬಿಯ ಮೇಲಿನ ಸ್ಟಿಕ್ಕರ್ ಓದಿದೆ. ಸಣ್ಣ ಕೋಷ್ಟಕವೊಂದಿತ್ತು. +12 ವೋಲ್ಟ್ ಎಂಬ ಕಡೆ 20 ಆಂಪಿಯರ್ ಎಂದಿತ್ತು. 12 × 20 ಅಂದರೆ 240 ವ್ಯಾಟ್. ಈಗಿನ ಪಿಸಿಯಲ್ಲಿ ಪ್ರೊಸೆಸರ್, ಕಾರ್ಡ್ ಎರಡೂ ಎಳೆಯುವುದು ಹೆಚ್ಚಾಗಿ ಆ 12 ವೋಲ್ಟ್‌ನಿಂದಲೇ. ದಪ್ಪ ಅಕ್ಷರದ 500ರಲ್ಲಿ ನನ್ನ ಕೆಲಸಕ್ಕೆ ಸಿಗುತ್ತಿದ್ದದ್ದು ಅರ್ಧಕ್ಕಿಂತ ಕಡಿಮೆ. ಬೇರೆ ಪವರ್ ಸಪ್ಲೈ ಹಾಕಿದ ದಿನದಿಂದ ಒಮ್ಮೆಯೂ ಆಫ್ ಆಗಲಿಲ್ಲ.

ಹಾಗಾಗಿ ಸ್ಟಿಕ್ಕರ್ ಓದಿ. ಪೆಟ್ಟಿಗೆಯ ಮೇಲಿನ 80 ಪ್ಲಸ್ ಎಂಬ ಗುರುತನ್ನೇ ನಂಬಿ ಕೂರಬೇಡಿ. ಗೋಡೆಯಿಂದ ಎಳೆದ ಕರೆಂಟಿನಲ್ಲಿ ಎಷ್ಟು ಪಾಲು ಪಿಸಿಗೆ ತಲುಪುತ್ತದೆ ಎಂಬುದನ್ನಷ್ಟೇ ಅದು ಹೇಳುತ್ತದೆ. ಒಳಗಿನ ಕೆಪಾಸಿಟರ್ ಎಂಥದ್ದು, ಏರುಪೇರಾದಾಗ ಅದು ತನ್ನಷ್ಟಕ್ಕೆ ಆಫ್ ಆಗಿ ಉಳಿದ ಭಾಗಗಳನ್ನು ಕಾಪಾಡುತ್ತದೆಯೇ ಎಂಬುದನ್ನು ಹೇಳುವುದಿಲ್ಲ. ಅದೇ ಮಾಡೆಲ್‌ನ ಪರೀಕ್ಷೆ ಯಾರಾದರೂ ಮಾಡಿದ್ದಾರಾ ಹುಡುಕಿ, ವಾರಂಟಿ ಎಷ್ಟು ವರ್ಷ ನೋಡಿ. ಲೆಕ್ಕ ಕಷ್ಟದ್ದೇನಲ್ಲ. ಆರ್‌ಎಕ್ಸ್ 6600 ಕಾರ್ಡ್‌ಗೆ 132 ವ್ಯಾಟ್, ರೈಜನ್ 5 5600ಗೆ 65 ವ್ಯಾಟ್ ಎಂದು ಕಂಪನಿಯೇ ಕೊಟ್ಟಿದೆ. ಉಳಿದದ್ದಕ್ಕೆ ಇನ್ನೊಂದು 50 ಸೇರಿಸಿದರೂ 250 ದಾಟುವುದಿಲ್ಲ. ಆದರೆ ಕಾರ್ಡ್‌ಗಳು ಕ್ಷಣಮಾತ್ರಕ್ಕೆ ಇದಕ್ಕಿಂತ ಬಹಳ ಜಾಸ್ತಿ ಎಳೆಯುತ್ತವೆ. ಅದಕ್ಕೇ ಒಳ್ಳೆಯ 550 ವ್ಯಾಟ್ ತೆಗೆದುಕೊಳ್ಳಿ. ಮುಂದೆ ಕಾರ್ಡ್ ಬದಲಿಸಿದರೂ ಅದು ಇರುತ್ತದೆ. ಇನ್ನೊಂದು ಮಾತು, ಒಂದು ಪವರ್ ಸಪ್ಲೈಯ ಕಳಚುವ ಕೇಬಲ್ಲನ್ನು ಇನ್ನೊಂದಕ್ಕೆ ಎಂದೂ ಹಾಕಬೇಡಿ. ತುದಿ ಸರಿಯಾಗಿ ಕೂತರೂ ಒಳಗಿನ ತಂತಿಗಳ ಜಾಗ ಬೇರೆ ಇರಬಹುದು. ಹಾಗಿದ್ದರೆ ಡಿಸ್ಕ್ ಸುಟ್ಟುಹೋಗಬಹುದು.

ಸೆಕೆಂಡ್ ಹ್ಯಾಂಡ್ ಬಗ್ಗೆ ಕೇಳುವವರಿಗೆ: ಗ್ರಾಫಿಕ್ಸ್ ಕಾರ್ಡ್ ತೆಗೆದುಕೊಳ್ಳಬಹುದು. ಎದುರಿಗೇ ಅರ್ಧ ಗಂಟೆ ಭಾರದ ಆಟ ಓಡಿಸಿ, ಫ್ಯಾನ್ ಸದ್ದು ಕೇಳಿ, ಬಿಸಿ ಎಷ್ಟು ಏರುತ್ತದೆ ನೋಡಿ ತೆಗೆದುಕೊಳ್ಳಿ. ಪವರ್ ಸಪ್ಲೈ ಮಾತ್ರ ಹೊಸದೇ ಇರಲಿ.

ರ್‍ಯಾಮ್ 16 ಜಿಬಿ ಸಾಕು, ಆದರೆ 8 ಜಿಬಿಯ ಎರಡು ಕಡ್ಡಿಗಳಾಗಿ ತೆಗೆದುಕೊಳ್ಳಿ. ಒಂದೇ ಕಡ್ಡಿ ಇದ್ದರೆ ಪ್ರೊಸೆಸರ್‌ಗೆ ಒಂದೇ ದಾರಿ, ಎರಡಿದ್ದರೆ ಎರಡು ದಾರಿ. ಬೋರ್ಡ್‌ನಲ್ಲಿ ನಾಲ್ಕು ಸ್ಲಾಟ್ ಇದ್ದರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯದು ಮತ್ತು ನಾಲ್ಕನೆಯದರಲ್ಲಿ ಕೂರಿಸಬೇಕು. ಬೋರ್ಡ್ ಪುಸ್ತಕದಲ್ಲಿ ಬರೆದಿರುತ್ತದೆ. ಆಮೇಲೆ ಬಯೋಸ್‌ಗೆ ಹೋಗಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ ವೇಗದ ಸೆಟ್ಟಿಂಗ್ ಆನ್ ಮಾಡಿ. 3200 ಎಂದು ದುಡ್ಡು ಕೊಟ್ಟು ತಂದ ಡಿಡಿಆರ್4 ರ್‍ಯಾಮ್, ಇದನ್ನು ಆನ್ ಮಾಡದೆ ಬಿಟ್ಟರೆ ಎಷ್ಟೋ ಸಲ 2133ರಲ್ಲೋ 2400ರಲ್ಲೋ ಸುಮ್ನೆ ಓಡುತ್ತಿರುತ್ತದೆ. ಎಷ್ಟು ಜನ ವರ್ಷಗಟ್ಟಲೆ ಹಾಗೇ ಆಡುತ್ತಿದ್ದಾರೋ ಎಂದು ನೆನೆದರೆ ಹೊಟ್ಟೆ ಚುರುಕ್ ಅನ್ನುತ್ತದೆ.

ಉಳಿದದ್ದು ಬೇಗ ಹೇಳುತ್ತೇನೆ. ಆಟಗಳನ್ನು ಇಡುವ ಎಸ್‌ಎಸ್‌ಡಿ 1 ಟಿಬಿಯ ಎನ್‌ವಿಎಂಇ (ಎಸ್‌ಎಸ್‌ಡಿಯಲ್ಲಿ ವೇಗದ ಬಗೆ) ಇರಲಿ, ಆಟಗಳು ಈಗ ಒಂದೊಂದೂ 100 ಜಿಬಿ ಮುಟ್ಟುತ್ತವೆ. ಬಹಳ ವೇಗದ್ದೇ ಬೇಕೆಂದು ಹೆಚ್ಚು ಕೊಡಬೇಡಿ, ಆಟದಲ್ಲಿ ಅಷ್ಟು ವ್ಯತ್ಯಾಸ ಕಾಣುವುದಿಲ್ಲ. ರೈಜನ್ 5 5600 ಪೆಟ್ಟಿಗೆಯಲ್ಲಿ ಬರುವ ಕೂಲರ್ ಅದಕ್ಕೆ ಸಾಕು. ಕ್ಯಾಬಿನೆಟ್ ಮುಂಭಾಗ ಜಾಲರಿ ಇರಲಿ. ಮುಂದೆ ಗಾಜು ಮುಚ್ಚಿದ ಕ್ಯಾಬಿನೆಟ್‌ಗಳಲ್ಲಿ ಎಷ್ಟು ಫ್ಯಾನ್ ಇದ್ದರೇನು, ಒಳಗೆ ಬರಲು ಗಾಳಿಗೆ ದಾರಿಯೇ ಇರುವುದಿಲ್ಲ.

ತಮ್ಮ ಒಂದು ವಾರ ಮುನಿಸಿಕೊಂಡಿದ್ದ. ಬಣ್ಣದ ಲೈಟ್ ಬಿಡುವುದು ಅವನಿಗೆ ನಿಜವಾಗಿಯೂ ಕಷ್ಟವಾಯಿತು. ಆಮೇಲೆ ಹೊಸ ಪಟ್ಟಿ ಕಳಿಸಿದ. ವಾಟರ್ ಕೂಲರ್ ಹೋಗಿತ್ತು, 6 ಕೋರ್ ಪ್ರೊಸೆಸರ್ ಬಂದಿತ್ತು, 8 ಜಿಬಿಯ ಆರ್‌ಎಕ್ಸ್ 6600 ಬಂದಿತ್ತು. ಪಟ್ಟಿಯ ಮೊದಲ ಸಾಲಿನಲ್ಲಿ 144 ಹರ್ಟ್ಸ್ ಮಾನಿಟರ್.

ಜೋಡಿಸಿದ ದಿನ ರಾತ್ರಿ ವಿಡಿಯೋ ಕಾಲ್ ಮಾಡಿದ. ಮುಖದಲ್ಲಿ ಬಣ್ಣವೇ ಇರಲಿಲ್ಲ. "ಅಣ್ಣ, ಫ್ಯಾನ್ ತಿರುಗ್ತಾ ಇದೆ. ಪರದೆ ಮೇಲೆ ಏನೂ ಬರ್ತಿಲ್ಲ. ಏನಾದ್ರೂ ಸುಟ್ಟುಹೋಯ್ತಾ?" ಫೋನನ್ನು ಪಿಸಿಯ ಹಿಂದೆ ಹಿಡಿಯಲು ಹೇಳಿದೆ. ಮಾನಿಟರ್‌ನ ಕೇಬಲ್ಲು ಮೇಲ್ಗಡೆ ಮದರ್‌ಬೋರ್ಡ್ ಕಿಂಡಿಯಲ್ಲಿತ್ತು. "ಅದನ್ನ ಕಿತ್ತು ಕೆಳಗೆ ಕಾರ್ಡ್‌ಗೆ ಹಾಕು" ಎಂದೆ. ಹಾಕಿದ. ಪರದೆ ಬೆಳಗಿತು. ಅವನು ಬಿಟ್ಟ ಉಸಿರು ನನಗಿಲ್ಲಿ ಕೇಳಿಸಿತು.

ವಿಂಡೋಸ್ ಎಲ್ಲ ಹಾಕಿ ಮುಗಿಯುವಾಗ ಮಧ್ಯರಾತ್ರಿ ದಾಟಿತ್ತು. ಇಬ್ಬರೂ ಮಲಗಿರಲಿಲ್ಲ. ಕೊನೆಗೆ ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆರೆಸಿದೆ, ಯಾಕೆಂದರೆ ಹೊಸ ಮಾನಿಟರ್ ಎಷ್ಟೋ ಸಲ 60 ಹರ್ಟ್ಸ್‌ನಲ್ಲೇ ಉಳಿದಿರುತ್ತದೆ. ಅಲ್ಲೂ 60 ಎಂದೇ ಇತ್ತು. 144 ಒತ್ತಿದ. ಪರದೆ ಒಂದು ಕ್ಷಣ ಕಪ್ಪಾಗಿ ಮತ್ತೆ ಬಂತು. ಆಟ ಇನ್ನೂ ಡೌನ್‌ಲೋಡ್ ಆಗುತ್ತಿತ್ತು. ಅವನು ಸುಮ್ಮನೆ ಮೌಸ್ ಹಿಡಿದು ಬಾಣದ ಗುರುತನ್ನು ಗುಂಡಗೆ ತಿರುಗಿಸುತ್ತಾ ಕೂತ.

"ಅಣ್ಣ, ಇದು ಜಾರ್ತಾ ಇದೆ" ಎಂದ. ಇನ್ನೂ ಹತ್ತು ನಿಮಿಷ ಹಾಗೇ ತಿರುಗಿಸುತ್ತಿದ್ದ.