ತಡವಾಗಿ ಬಂದರು ಎಂದರೆ ಮುಗಿಯಿತೇ?

ಬಡ ರೋಗಿಗಳು ಆಸ್ಪತ್ರೆಗೆ ತಡವಾಗಿ ಬರುತ್ತಾರೆ, ಅದಕ್ಕೇ ಅವರಲ್ಲಿ ಕ್ಯಾನ್ಸರ್ ಗೆದ್ದು ಬದುಕುವವರು ಕಡಿಮೆ, ಜಾಗೃತಿ ಮೂಡಿಸಿದರೆ ಸರಿಹೋಗುತ್ತದೆ ಎಂದು ಕ್ಯಾನ್ಸರಿನಲ್ಲಿ ಬಡವರು, ಉಳ್ಳವರ ನಡುವಿನ ಅಂತರದ ಬಗ್ಗೆ ಬಂದ ಲೇಖನದಲ್ಲಿ ಲೇಖಕರು ಬರೆದಿದ್ದಾರೆ. ಅರ್ಧ ಒಪ್ಪುತ್ತೇನೆ.

ಮಕ್ಕಳ ರಕ್ತಕ್ಯಾನ್ಸರನ್ನೇ ತೆಗೆದುಕೊಳ್ಳಿ. ಸ್ತನ ಕ್ಯಾನ್ಸರಿನ ಹಾಗೆ ತಪಾಸಣಾ ಶಿಬಿರ ಮಾಡಿ ಅದನ್ನು ಮೊದಲೇ ಹಿಡಿಯುವ ದಾರಿ ಇಲ್ಲ. ಆದರೂ 2018ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆ ಪ್ರಕಟಿಸಿದ, ಹಲವು ದೇಶಗಳ ಕ್ಯಾನ್ಸರ್ ರೋಗಿಗಳಲ್ಲಿ ಬದುಕುಳಿಯುವವರ ಪ್ರಮಾಣ ಹೋಲಿಸಿದ ಕಾನ್ಕಾರ್ಡ್-3 ಅಧ್ಯಯನ ನೋಡಿ: 2010ರಿಂದ 2014ರ ನಡುವೆ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಎಂಬ ರಕ್ತಕ್ಯಾನ್ಸರ್ ಪತ್ತೆಯಾದ ಮಕ್ಕಳಲ್ಲಿ ಐದು ವರ್ಷ ಬದುಕುಳಿಯುವ ಪ್ರಮಾಣ ಫಿನ್‌ಲೆಂಡ್‌ನಲ್ಲಿ ಶೇ 95, ಈಕ್ವೆಡಾರ್‌ನಲ್ಲಿ ಸುಮಾರು ಶೇ 50. ಈ ಕಾಯಿಲೆಗೆ ಎರಡು–ಮೂರು ವರ್ಷ ಬಿಡದೆ ಚಿಕಿತ್ಸೆ ಬೇಕು. ಔಷಧ ತಪ್ಪದೆ ಸಿಗಬೇಕು, ಜ್ವರ ಬಂದರೆ ಆ ರಾತ್ರಿಯೇ ನೋಡುವವರಿರಬೇಕು, ಜೊತೆಗಿರುವ ಅಪ್ಪ ಅಮ್ಮನ ಕೂಲಿ ತಪ್ಪಿದರೂ ಮನೆ ನಡೆಯಬೇಕು. ಇದರಲ್ಲಿ ಜಾಗೃತಿ ಮೂಡಿಸುವುದು ಯಾರಿಗೆ? ಚಿಕಿತ್ಸೆ ನಡುವೆ ಬಿಟ್ಟವರನ್ನು ಕೆಲವು ಅಧ್ಯಯನಗಳು ಲೆಕ್ಕದಿಂದಲೇ ಕೈಬಿಡುತ್ತವೆ. ಆಗ ಫಲಿತಾಂಶ ಚೆನ್ನಾಗೇ ಕಾಣುತ್ತದೆ ಬಿಡಿ!

ಇನ್ನೊಂದು ಮಾತು. ಬಡವರು, ಉಳ್ಳವರ ನಡುವಿನ ಅಂತರ ಅಳೆಯುವ ಎಷ್ಟೋ ಸಂಶೋಧನೆಗಳಲ್ಲಿ ರೋಗಿಯ ಆದಾಯದ ಮಾಹಿತಿಯೇ ಇರುವುದಿಲ್ಲ. ವಾಸದ ಪ್ರದೇಶ ನೋಡಿ ಬಡವರು, ಉಳ್ಳವರು ಎಂದು ವಿಂಗಡಿಸುತ್ತಾರೆ. ಉಳ್ಳವರ ಬಡಾವಣೆಯಲ್ಲೇ ಇರುವ ಮನೆಗೆಲಸದಾಕೆಯೂ ಆ ಲೆಕ್ಕದಲ್ಲಿ ಉಳ್ಳವಳೇ. ಹೀಗೆ ಬೆರೆತುಹೋದಾಗ ನಿಜವಾದ ಅಂತರ ಅಂಕಿಗಳಲ್ಲಿ ಕಾಣುವುದಕ್ಕಿಂತ ದೊಡ್ಡದಿರುವ ಸಾಧ್ಯತೆ ಹೆಚ್ಚು.

ಲೇಖನದಲ್ಲಿ ಕೊಟ್ಟಿರುವ ಅಂಕಿಗಳು ಆದಾಯದ ಮೇಲೆ ಲೆಕ್ಕ ಹಾಕಿದ್ದೋ, ಪ್ರದೇಶದ ಮೇಲೋ? ಲೇಖಕರು ತಿಳಿಸಿದರೆ ಒಳ್ಳೆಯದು.