ಸಾರಾ ಮತ್ತು ಲೂಯಿಸ್ ಇಬ್ಬರ ಹೆಸರನ್ನೂ ಯಾಕೆ ಬಿಟ್ಟಿರಿ?

ನಿಮ್ಮ ಲೇಖನದಲ್ಲಿ ಫ್ರಾನ್ಸಿನ ವಾಲ್ಡರ್ಸ್‌ಬಾಕ್ ಊರಿನ ಓಬರ್ಲಿನ್ ಮ್ಯೂಸಿಯಂ ಬಗ್ಗೆ ಬರೆದಿದ್ದು ಖುಷಿಯಾಯಿತು. ಆದರೆ "ಪಾದ್ರಿ ಓಬರ್ಲಿನ್ ಒಬ್ಬರೇ ಶಿಶುಶಾಲೆ ಹುಟ್ಟುಹಾಕಿದರು" ಅಂತ ಅದರಲ್ಲಿರೋ ಮಾತು ಒಪ್ಪೋಕಾಗಲ್ಲ. ಅವರು 1767ರಲ್ಲಿ ಆ ಬೆಟ್ಟದೂರಿಗೆ ಬಂದರು, ನಿಜ. ಆದರೆ ಪಕ್ಕದ ಬೆಲ್ಮಾಂಟ್ ಹಳ್ಳಿಯಲ್ಲಿ ಸಾರಾ ಬಾಂಜೆ ಅನ್ನೋ ಹುಡುಗಿ ಅವರು ಹೇಳೋಕೆ ಮುಂಚೆಯೇ ಮಕ್ಕಳನ್ನು ಕೂರಿಸಿಕೊಂಡು ಹೆಣಿಗೆ ಕಲಿಸುತ್ತಿದ್ದಳು, ಅದನ್ನು ನೋಡಿಯೇ ಓಬರ್ಲಿನ್ ಅವಳನ್ನು ಕೆಲಸಕ್ಕೆ ತೆಗೆದುಕೊಂಡಿದ್ದು. ಅವಳಿಗೆ ಮೊದಲು ಹೊಳೆದಿದ್ದನ್ನು ಗುರುತಿಸಿ ಬೆಳೆಸಿದ್ದು ಪಾದ್ರಿಯ ದೊಡ್ಡತನ, ಅದನ್ನು ನಾನು ಕಡಿಮೆ ಮಾಡ್ತಿಲ್ಲ.

ಆ ತರಗತಿ ಹೇಗಿತ್ತು ಅಂತ ಸ್ವಲ್ಪ ಯೋಚಿಸಿ. ಒಲೆ ಉರಿಯೋ ಬೆಚ್ಚನೆಯ ಕೋಣೆ, ಸುತ್ತ ಪುಟ್ಟ ಮಕ್ಕಳು, ಸ್ವಲ್ಪ ದೊಡ್ಡ ಮಕ್ಕಳ ಕೈಯಲ್ಲಿ ಹೆಣಿಗೆ ಕಡ್ಡಿ. ಗಿಡದ ಚಿತ್ರ ತೋರಿಸಿ ಅದರ ಹೆಸರು ಮೊದಲು ಊರಿನ ಆಡುಮಾತಿನಲ್ಲಿ, ಆಮೇಲೆ ಫ್ರೆಂಚಿನಲ್ಲಿ. ಮನೆಮಾತಿನಿಂದಲೇ ಶುರು ಮಾಡಬೇಕು ಅಂತ ಇವತ್ತಿಗೂ ನಾವು ವಾದ ಮಾಡ್ತಾ ಇದ್ದೀವಲ್ಲ, ಅವರು ಸುಮ್ನೆ ಮಾಡಿ ತೋರಿಸಿದರು! ಜರ್ಮನಿಯ ಶಿಕ್ಷಣತಜ್ಞ ಫ್ರೋಬೆಲ್ ತನ್ನ ಶಾಲೆಗೆ ಕಿಂಡರ್‌ಗಾರ್ಟನ್ ಅಂತ ಹೆಸರಿಟ್ಟಿದ್ದು 1840ರಲ್ಲಿ, ಅಂದರೆ ಈ ತರಗತಿ ಶುರುವಾಗಿ ಸುಮಾರು 70 ವರ್ಷ ಆದಮೇಲೆ.

ಸಾರಾ 1774ರಲ್ಲೇ ತೀರಿಕೊಂಡಳು. ಮುಂದೆ ಹಲವು ದಶಕ ಆ ಕೆಲಸ ಹೊತ್ತವರು ಓಬರ್ಲಿನ್ ಮನೆಗೆ ಕೆಲಸಕ್ಕೆ ಬಂದಿದ್ದ ಲೂಯಿಸ್ ಶೆಪ್ಲರ್. 1829ರಲ್ಲಿ ಫ್ರೆಂಚ್ ಅಕಾಡೆಮಿ ಅವರಿಗೆ ಸೇವೆ, ಸದ್ಗುಣಕ್ಕೆ ಕೊಡೋ ಮೋಂಟಿಯೋನ್ ಬಹುಮಾನ ಕೊಟ್ಟಿತು. ಅಷ್ಟು ದೊಡ್ಡ ಸಂಸ್ಥೆಯೇ ಗುರುತಿಸಿದ ಹೆಂಗಸಿಗೆ ಲೇಖನದಲ್ಲಿ ಒಂದು ಸಾಲಾದರೂ ಬೇಡವಾ? ದಯವಿಟ್ಟು ಸೇರಿಸಿ.