ಆತೆಯ ಫೈಲು

ಮನಿಲಾದ ಆಫೀಸಿಗೆ ಸೇರಿದ ಮೊದಲ ದಿನ ಎಲ್ಲರೂ ಒಬ್ಬ ಹೆಂಗಸನ್ನು ‘ಆತೆ, ಆತೆ’ ಎಂದು ಕರೆಯುವುದು ಕೇಳಿ, ಇಷ್ಟು ಜನ ಅಳಿಯಂದಿರನ್ನು ಸಂಪಾದಿಸಿದ ಪುಣ್ಯಾತ್ಗಿತ್ತಿ ಯಾರಪ್ಪಾ ಎಂದು ತಿರುಗಿ ನೋಡಿದ್ದೆ. ತಗಾಲೊಗ್ ಭಾಷೆಯಲ್ಲಿ ಆತೆ ಎಂದರೆ ಅಕ್ಕ. ನಾನು ಪುತ್ತೂರಿನ ಕಡೆಯವನಾದ್ದರಿಂದ ಇನ್ನೊಂದು ತೊಂದರೆಯೂ ಇತ್ತು. ಇಲ್ಲಿಯವರು ಮರ್ಯಾದೆಯಿಂದ ಮಾತಾಡುವಾಗ ವಾಕ್ಯದ ಬಾಲಕ್ಕೆ ಒಂದು ‘ಪೋ’ ಸೇರಿಸುತ್ತಾರೆ, ಧಾರವಾಡದವರ ‘ರೀ’ ಇದ್ದ ಹಾಗೆ. ತುಳುವಿನಲ್ಲಿ ‘ಪೋ’ ಎಂದರೆ ಹೋಗು. ಬ್ಯಾಂಕಿನಲ್ಲಿ, ಅಂಗಡಿಯಲ್ಲಿ, ಲಿಫ್ಟಿನ ಬಾಗಿಲಲ್ಲಿ ಎಲ್ಲರೂ ನಗುನಗುತ್ತಾ ನನ್ನನ್ನು ಹೋಗು ಹೋಗು ಎಂದು ಅಟ್ಟುತ್ತಿದ್ದಾರೆ ಅಂತ ಮೊದಮೊದಲು ಅನಿಸುತ್ತಿತ್ತು.

ಈ ಆತೆ ನಲವತ್ತೆರಡನೆಯ ವಯಸ್ಸಿನಲ್ಲಿ ಮೊದಲ ಸಲ ದೇಶ ದಾಟಲು ಹೊರಟರು. 2023ರ ಅಕ್ಟೋಬರ್. ಹೋಗುವುದು ಹಾಂಗ್‌ಕಾಂಗ್‌ಗೆ, ನಾಲ್ಕು ದಿನಕ್ಕೆ. ಅವರ ತಂಗಿ ಅಲ್ಲಿ ಒಬ್ಬರ ಮನೆಯಲ್ಲಿ ಕೆಲಸಕ್ಕಿದ್ದಾಳೆ. 2019ರ ಕ್ರಿಸ್‌ಮಸ್‌ಗೆ ಬಂದುಹೋದವಳು, ಆಮೇಲೆ ಕೊರೊನಾ, ಆಮೇಲೆ ಧಣಿಯ ಮನೆಯಲ್ಲಿ ಎಳೆಮಗು, ಅಂತೂ ಊರ ಮುಖ ನೋಡಿಲ್ಲ. ಅವಳು ಬರದಿದ್ದರೆ ನಾನೇ ಹೋಗುತ್ತೇನೆ ಎಂದು ಆತೆ ಎರಡು ವರ್ಷ ದುಡ್ಡು ಕೂಡಿಟ್ಟಿದ್ದರು.

ಮನಿಲಾದಿಂದ ಹಾಂಗ್‌ಕಾಂಗ್ ಎರಡು ಗಂಟೆ ಚಿಲ್ಲರೆಯ ಹಾರಾಟ. ಫಿಲಿಪ್ಪೀನ್ಸ್‌ನವರಿಗೆ 14 ದಿನ ವೀಸಾ ಬೇಡ. ನಾನು ಹೋಗುವುದಾದರೆ ಮೊದಲೇ ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸಿ, ಒಪ್ಪಿಗೆಯ ಚೀಟಿ ಪ್ರಿಂಟ್ ಹಾಕಿಸಿಕೊಂಡು ಹೋಗಬೇಕು. ಅಂದರೆ ನೆಂಟರ ಮನೆಯವರು ಆತೆಗೆ ಬಾಗಿಲು ತೆರೆದೇ ಇಟ್ಟಿದ್ದರು. ಅವರಿಗಿದ್ದ ಭಯವೆಲ್ಲ ಸ್ವಂತ ಮನೆಯ ಹೊಸ್ತಿಲು ದಾಟುವುದರದ್ದು.

ಈ ಭಯಕ್ಕೆ ಇಲ್ಲಿ ಒಂದು ಹೆಸರಿದೆ: ‘ಆಫ್‌ಲೋಡ್’. ಲಾರಿಯಿಂದ ಅಕ್ಕಿಮೂಟೆ ಇಳಿಸಿದ ಹಾಗೆ. ವಿಮಾನ ಹತ್ತುವ ಮೊದಲು ಇಮಿಗ್ರೇಷನ್ ಕೌಂಟರಿನ ಆಫೀಸರ್‌ಗೆ, ಇವರು ಪ್ರವಾಸದ ಹೆಸರು ಹೇಳಿ ಕೆಲಸಕ್ಕೆ ಹೋಗುತ್ತಿದ್ದಾರೆ, ಯಾರೋ ಏಜೆಂಟನ ಬಲೆಗೆ ಬಿದ್ದಿದ್ದಾರೆ ಎಂಬ ಅನುಮಾನ ಬಂದರೆ ಪಕ್ಕದ ಕೋಣೆಗೆ ಕಳಿಸುತ್ತಾರೆ. ಅದು ‘ಸೆಕೆಂಡರಿ’. ಅಲ್ಲಿಯೂ ಸಮಾಧಾನವಾಗದಿದ್ದರೆ ಟಿಕೆಟ್ಟು, ಹೋಟೆಲ್ಲು, ರಜೆ ಎಲ್ಲ ನೀರಲ್ಲಿ ಹೋಮ. ಪೆಟ್ಟಿಗೆ ಎಳೆದುಕೊಂಡು ಮನೆಗೆ. ನಾನು ವಿದೇಶಿಯರ ಸಾಲಿನಲ್ಲಿ ನಿಂತು ಸುಲಭವಾಗಿ ದಾಟಿಹೋಗುವ ಕಟ್ಟಡದಲ್ಲೇ, ಆ ದೇಶದ ಪ್ರಜೆಗಳು ಪಕ್ಕದ ಸಾಲಿನಲ್ಲಿ ಬೆವರು ಒರೆಸಿಕೊಳ್ಳುತ್ತಿರುತ್ತಾರೆ.

ಹಾಗಾಗಿ ಆತೆ ಫೈಲು ಮಾಡತೊಡಗಿದರು. ಹಿಡಿ ಇರುವ, ಗುಂಡಿ ಒತ್ತಿ ಮುಚ್ಚುವ, ನೀಲಿ ಪ್ಲಾಸ್ಟಿಕ್ಕಿನ ಫೈಲು. ಮೊದಲು ಅದರೊಳಗೆ ಹೋದದ್ದು ವಾಪಸ್ ಟಿಕೆಟ್ಟು ಮತ್ತು ಹೋಟೆಲಿನ ಬುಕಿಂಗ್. (ತಂಗಿಯ ಜೊತೆ ಇರುವ ಹಾಗಿಲ್ಲ. ಮನೆಗೆಲಸದವರು ಧಣಿಯ ಮನೆಯಲ್ಲೇ ಇರಬೇಕೆಂಬುದು ಹಾಂಗ್‌ಕಾಂಗ್‌ನ ಕಾನೂನು. ಅವರ ಮಲಗುವ ಜಾಗದಲ್ಲಿ ಅಕ್ಕನಿಗೆಲ್ಲಿ ಚಾಪೆ?) ಆಮೇಲೆ ಕೆಲಸದಲ್ಲಿದ್ದೇನೆ ಎಂಬ ಪತ್ರ, ರಜೆ ಮಂಜೂರಾದ ಪತ್ರ, ಆರು ತಿಂಗಳ ಸಂಬಳದ ಚೀಟಿ, ಬ್ಯಾಂಕಿನ ಸ್ಟೇಟ್‌ಮೆಂಟ್, ತೆರಿಗೆಯ ಕಾಗದ, ತನ್ನ ಜನನಪತ್ರ, ತಂಗಿಯ ಜನನಪತ್ರ, ಇಬ್ಬರೂ ಒಂದೇ ತಾಯಿಯ ಮಕ್ಕಳು ಎಂದು ಕಣ್ಣಿಗೆ ಕಾಣಲೆಂದು ಒಂದು ಹಳೆಯ ಫೋಟೊ. ದೇಶ ಬಿಟ್ಟು ಹೋಗುವುದಕ್ಕೆಂದೇ ಕಟ್ಟಬೇಕಾದ 1,620 ಪೆಸೊ ಪ್ರಯಾಣ ತೆರಿಗೆಯ ರಸೀದಿ. ಮೊಬೈಲಿನಲ್ಲಿ ಇ-ಟ್ರಾವೆಲ್‌ನ, ಅಂದರೆ ಪ್ರಯಾಣಿಕರು ಸರ್ಕಾರಕ್ಕೆ ಆನ್‌ಲೈನ್‌ನಲ್ಲಿ ತುಂಬಿಕೊಡುವ ವಿವರದ, ಕ್ಯೂಆರ್ ಕೋಡು; ಮೊಬೈಲು ಕೈಕೊಟ್ಟರೆ ಇರಲಿ ಎಂದು ಅದರದ್ದೂ ಪ್ರಿಂಟು. ಟಿಕೆಟ್ಟಿನ ದುಡ್ಡು ತಂಗಿಯೇ ಕೊಟ್ಟಿದ್ದರೆ, ಅವಳು ಅಲ್ಲಿನ ಕಾನ್ಸುಲೇಟ್‌ಗೆ ಹೋಗಿ ಅಕ್ಕನ ಖರ್ಚು ನನ್ನದು ಎಂದು ಪ್ರಮಾಣಪತ್ರ ಮಾಡಿಸಿ ಕಳಿಸಬೇಕಿತ್ತು. ಅದಕ್ಕೇ ಆತೆ ಅವಳಿಂದ ಒಂದು ಪೈಸೆ ಮುಟ್ಟಲಿಲ್ಲ.

ಮದುವೆಯ ದಿಬ್ಬಣಕ್ಕೂ ನಮ್ಮಲ್ಲಿ ಇಷ್ಟು ತಯಾರಿ ಇರುವುದಿಲ್ಲ. ಆದರೆ ನಗುವ ಹಾಗಿರಲಿಲ್ಲ. 2022ರ ಡಿಸೆಂಬರಿನಲ್ಲಿ ಇಸ್ರೇಲಿಗೆ ಹೊರಟಿದ್ದ ಯುವತಿಯೊಬ್ಬಳನ್ನು ಇದೇ ಮನಿಲಾದಲ್ಲಿ ನಿಲ್ಲಿಸಿ, ಕೇಳಬೇಕಾದ್ದೆಲ್ಲ ಕೇಳಿ, ಕೊನೆಗೆ ನಿನ್ನ ಶಾಲೆಯ ಯರ್‌ಬುಕ್, ಅಂದರೆ ಜೊತೆಗೆ ಓದಿದವರ ಫೋಟೊಗಳಿರುವ ಪುಸ್ತಕ, ಇದೆಯಾ ಎಂದೂ ಕೇಳಿದ್ದರು. ವಿಮಾನ ತಪ್ಪಿತು. ಮರುವರ್ಷ ಮಾರ್ಚಿನಲ್ಲಿ ಅವಳ ವಿಡಿಯೊ ಊರೆಲ್ಲ ಹಬ್ಬಿದಾಗ ಇಲಾಖೆ ಕ್ಷಮೆ ಕೇಳಿತು. ಆತೆ ಮಾತ್ರ ಆ ಕ್ಷಮೆಯನ್ನು ನಂಬಿಕೊಂಡು ಕೂರಲಿಲ್ಲ. ತವರಿಗೆ ಹೋಗಿ ಅಟ್ಟದಿಂದ ಯರ್‌ಬುಕ್ ಇಳಿಸಿಕೊಂಡು ಬಂದೇ ಬಿಟ್ಟರು. ಒಂದು ಮೂಲೆಯನ್ನು ಗೆದ್ದಲು ತಿಂದಿತ್ತು.

ನನಗೆ ಥಟ್ಟನೆ ನೆನಪಾದದ್ದು ನಮ್ಮ ಎಸ್ಸೆಸ್ಸೆಲ್ಸಿ ಮಾರ್ಕ್ಸ್‌ಕಾರ್ಡು. ಈಗಲೂ ಹತ್ತನೆಯ ತರಗತಿ ದಾಟದವರ ಪಾಸ್‌ಪೋರ್ಟು ‘ಇಸಿಆರ್’. ಕೊಲ್ಲಿಯ ದೇಶಗಳಿಗೆ ಕೆಲಸಕ್ಕೆ ಹೊರಟರೆ ಸರ್ಕಾರದ ಅನುಮತಿ ಬೇಕು. 1983ರ ಕಾಯಿದೆ. ನಮ್ಮೂರಲ್ಲಿ ಗಲ್ಫಿಗೆ ಹೊರಟ ಹುಡುಗರ ಅಮ್ಮಂದಿರು ಮಾರ್ಕ್ಸ್‌ಕಾರ್ಡನ್ನು ಕಪಾಟಿನಲ್ಲಿ ಬಂಗಾರದ ಜೊತೆ ಇಡುತ್ತಿದ್ದರು. ಗಣಿತದಲ್ಲಿ ಬಂದ ಮೂವತ್ತೈದು ಅಂಕ ಎಂದೋ ಒಂದು ದಿನ ಗಡಿ ದಾಟಿಸುತ್ತದೆ ಎಂದು ಪಾಠ ಹೇಳಿದ ಮೇಷ್ಟ್ರಿಗೂ ಗೊತ್ತಿರಲಿಕ್ಕಿಲ್ಲ.

ಕೇಳುವವರ ಕಡೆಯಲ್ಲೂ ನ್ಯಾಯವಿದೆ. ಕಾಲ್ ಸೆಂಟರ್ ಕೆಲಸ ಎಂದು ನಂಬಿ, ಪ್ರವಾಸಿಗಳೆಂದು ಹೇಳಿಕೊಂಡು ಹೊರಟು, ಕಾಂಬೋಡಿಯಾ, ಮ್ಯಾನ್ಮಾರ್‌ಗಳ ಆನ್‌ಲೈನ್ ವಂಚನೆಯ ಅಡ್ಡೆಗಳಲ್ಲಿ ಸಿಕ್ಕಿಬಿದ್ದ ಹುಡುಗ ಹುಡುಗಿಯರು ಇಲ್ಲಿನವರೂ ಇದ್ದರು, ನಮ್ಮವರೂ ಇದ್ದರು. ಕೌಂಟರಿನಲ್ಲೇ ಒಬ್ಬರು ಗಟ್ಟಿಯಾಗಿ ಕೇಳಿದ್ದರೆ ಉಳಿಯುತ್ತಿದ್ದರೋ ಏನೋ. ಆದರೆ ಲೆಕ್ಕ ನೋಡಿದರೆ ತಲೆ ಕೆರೆದುಕೊಳ್ಳಬೇಕಾಗುತ್ತದೆ. 2022ರಲ್ಲಿ ತಡೆದದ್ದು 32,404 ಜನರನ್ನು. ಅದರಲ್ಲಿ ಮಾನವ ಸಾಗಣೆಗೋ ಅಕ್ರಮ ನೇಮಕಾತಿಗೋ ಸಿಲುಕಿದವರೆಂದು ಗೊತ್ತಾದದ್ದು 472. ಅದೇ ವರ್ಷ ಹೊರದೇಶದಲ್ಲಿ ದುಡಿಯುವವರು ಬ್ಯಾಂಕುಗಳ ಮೂಲಕ ಮನೆಗೆ ಕಳಿಸಿದ್ದು 3,200 ಕೋಟಿ ಡಾಲರಿಗೂ ಮಿಕ್ಕಿ. ಹೋದವರ ದುಡ್ಡು ಬೇಕು, ಹೋಗುವವರ ಮೇಲೆ ಅನುಮಾನ. 2023ರ ಸೆಪ್ಟೆಂಬರ್ 3ರಿಂದ ಇನ್ನಷ್ಟು ಕಾಗದ ಕೇಳುವ ಹೊಸ ನಿಯಮ ಬರುವುದಿತ್ತು. ಸೆನೆಟ್ಟಿನಲ್ಲಿ ಗಲಾಟೆಯಾಗಿ ನಿಂತುಹೋಯಿತು. ಆತೆ ಅಷ್ಟರಲ್ಲಿ ಆ ಕಾಗದಗಳನ್ನೂ ಮಾಡಿಸಿ ಆಗಿತ್ತು.

ಇದರಲ್ಲಿ ನನಗೆ ಎಲ್ಲಕ್ಕಿಂತ ತಮಾಷೆಯಾಗಿ ಕಾಣುವುದು ಆ ವಿಮಾನನಿಲ್ದಾಣಕ್ಕಿಟ್ಟ ಹೆಸರು: ಸರ್ವಾಧಿಕಾರಿ ಮಾರ್ಕೊಸ್‌ನ ಎದುರಾಳಿ ನಾಯಕ ನಿನೊಯ್ ಅಕಿನೊ ಅವರದ್ದು. ಅವರು 1983ರ ಆಗಸ್ಟ್ 21ರಂದು ಅಲ್ಲಿ ಬಂದಿಳಿದ ಕ್ಷಣದಲ್ಲೇ ಗುಂಡಿಗೆ ಬಲಿಯಾದವರು. ಮಾರ್ಕೊಸ್ ಸರ್ಕಾರ ಪಾಸ್‌ಪೋರ್ಟ್ ಕೊಡದ ಕಾರಣ ಅವರು ‘ಮಾರ್ಶಿಯಲ್ ಬೊನಿಫಾಸಿಯೊ’ ಎಂಬ ಸುಳ್ಳು ಹೆಸರಿನ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದರು. ಮಾರ್ಶಿಯಲ್ ಎಂಬುದು ಮಾರ್ಶಲ್ ಲಾದಿಂದ, ಬೊನಿಫಾಸಿಯೊ ಎಂಬುದು ತಾವು ಸೆರೆಯಲ್ಲಿದ್ದ ಕೋಟೆಯಿಂದ. ಎಂಥ ಸಮಯದಲ್ಲಿ ಎಂಥ ಕುಚೋದ್ಯ! ಆಮೇಲೆ ಅವರ ಹೆಂಡತಿ ಕೊರಾಸೊನ್ ಅಕಿನೊ ಅಧ್ಯಕ್ಷೆಯಾಗಿ, 1988ರಲ್ಲಿ ಹಾಂಗ್‌ಕಾಂಗ್‌ನ ಮನೆಗೆಲಸದ ಹೆಣ್ಣುಮಕ್ಕಳ ಎದುರು ನಿಂತು ‘ನೀವೇ ಹೊಸ ವೀರರು’ ಎಂದಿದ್ದರು. ಗಂಡನ ಹೆಸರಿನ ನಿಲ್ದಾಣದಲ್ಲಿ ಈಗ ಆ ವೀರರೊಬ್ಬರ ಅಕ್ಕ ಗೆದ್ದಲು ತಿಂದ ಯರ್‌ಬುಕ್ ಹೊತ್ತು ಸಾಲಿನಲ್ಲಿ ನಿಲ್ಲಬೇಕು.

ಹೊರಡುವ ವಾರ ಊಟದ ಬಿಡುವಿನಲ್ಲಿ ರಿಹರ್ಸಲ್ ನಡೆಯಿತು. ನನ್ನ ಮುಖದಲ್ಲಿ ನಗು ಕಡಿಮೆಯೆಂದು ಆಫೀಸರನ ಪಾತ್ರ ನನಗೆ. ಸುತ್ತ ನಿಂತವರ ಸಲಹೆಗಳು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಕೇಳಿದ್ದಕ್ಕಷ್ಟೇ ಉತ್ತರ. ಆದರೆ ಮೂಗಿಯ ಹಾಗೆ ಇರಬೇಡಿ. ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಿ. ಆದರೆ ದಿಟ್ಟಿಸಬೇಡಿ. ಬಟ್ಟೆ ಚೆನ್ನಾಗಿರಲಿ, ತೀರಾ ಹೊಸದು ಬೇಡ. ಫೈಲು ಕೈಯಲ್ಲಿರಲಿ, ಕೇಳುವ ತನಕ ತೆರೆಯಬೇಡಿ. ಹೆಣ್ಣು ನೋಡಲು ಬರುವ ದಿನ ನಮ್ಮ ಚಿಕ್ಕಮ್ಮಂದಿರು ಒಳಮನೆಯಲ್ಲಿ ಹೇಳಿಕೊಡುತ್ತಿದ್ದುದೂ ಇದನ್ನೇ.

“ಹಾಂಗ್‌ಕಾಂಗ್‌ಗೆ ಯಾಕೆ?” ನಾನು ಗಂಟಲು ದಪ್ಪ ಮಾಡಿ ಕೇಳಿದೆ.

“ತಂಗಿಯನ್ನು ನೋಡಲಿಕ್ಕೆ ಸರ್.”

“ಅಯ್ಯೋ ಆತೆ!” ಎಂದು ಎಲ್ಲರೂ ಒಟ್ಟಿಗೆ ಕೂಗಿದರು. ಮನೆಗೆಲಸದ ತಂಗಿ ಎಂದರೆ ಮುಗಿಯಿತು, ನೀವೂ ಅದೇ ಕೆಲಸಕ್ಕೆ ಹೊರಟವರೆಂದು ಬರೆದುಕೊಳ್ಳುತ್ತಾರೆ. ಡಿಸ್ನಿಲ್ಯಾಂಡ್ ನೋಡಲಿಕ್ಕೆ ಎನ್ನಿ. ಸುಳ್ಳು ಸಿಕ್ಕಿಬಿದ್ದರೆ ಇನ್ನೂ ಕಷ್ಟ ಎಂದು ನಾನು ವಾದಿಸಿದೆ. ಹಾಗಾದರೆ ಸುಳ್ಳಾಗದ ಹಾಗೆ ಮಾಡೋಣ ಎಂದು ಯಾರೋ ಅಲ್ಲೇ ಮೊಬೈಲಿನಲ್ಲಿ ಭಾನುವಾರಕ್ಕೆ ಡಿಸ್ನಿಲ್ಯಾಂಡಿನ ಟಿಕೆಟ್ಟು ತೆಗೆಸಿದರು. ಆತೆಯ ಅರ್ಧ ತಿಂಗಳ ತರಕಾರಿ ದುಡ್ಡು. ಮಿಕ್ಕಿ ಮೌಸನ್ನು ಕಂಡು ನಾನೇನು ಮಾಡಲಿ ಎಂದು ಅವರು ಗೊಣಗುತ್ತಲೇ ಪ್ರಿಂಟು ತೆಗೆದು ಫೈಲಿಗೆ ಸೇರಿಸಿದರು.

ಶುಕ್ರವಾರದ ವಿಮಾನಕ್ಕೆ ಐದು ಗಂಟೆ ಮೊದಲೇ ಟರ್ಮಿನಲ್ ಮೂರರಲ್ಲಿದ್ದರು. ಯಾವ ಸಾಲು ಎಂದು ಮೆಸೆಂಜರಿನಲ್ಲಿ ಆಫೀಸಿನವರನ್ನೆಲ್ಲ ಕೇಳಿದರು. ವಯಸ್ಸಾದ ಗಂಡಸು ಕೂತಿರುವ ಕೌಂಟರಿಗೆ ಹೋಗಿ ಎಂದರು ನಾಲ್ವರು. ಬೇಡವೇ ಬೇಡ ಎಂದರು ಐವರು. ಸಾಲು ತಾನೇ ಸರಿದು ಒಬ್ಬ ಚಿಕ್ಕ ವಯಸ್ಸಿನ ಹುಡುಗಿಯ ಮುಂದೆ ನಿಲ್ಲಿಸಿತಂತೆ. ಎಲ್ಲಿಗೆ, ಎಷ್ಟು ದಿನ ಎಂಬಲ್ಲಿಯವರೆಗೆ ಕಲಿತದ್ದು ನೆನಪಿತ್ತು. ಅಲ್ಲಿ ಯಾರಿದ್ದಾರೆ ಎಂದದ್ದೇ ಡಿಸ್ನಿಲ್ಯಾಂಡ್ ಮರೆತುಹೋಯಿತು.

“ತಂಗಿ ಪೋ. ಮನೆಗೆಲಸ. ನೋಡಿ ನಾಲ್ಕು ವರ್ಷ ಆಯ್ತು ಪೋ.”

ಹುಡುಗಿ ತಲೆಯೆತ್ತಿ ನೋಡಿದಳಂತೆ. ಆತೆಯ ಕೈ ಫೈಲಿನ ಗುಂಡಿಯ ಮೇಲೆ.

“ಅವರಿಗೆ ಏನು ತಗೊಂಡು ಹೋಗ್ತಿದ್ದೀರಿ?”

ಇದು ನಮ್ಮ ರಿಹರ್ಸಲಿನಲ್ಲಿ ಇರಲೇ ಇಲ್ಲ. “ತುಯೋ” ಎಂದರಂತೆ ಆತೆ. ತುಯೋ ಎಂದರೆ ಒಣಮೀನು. ಐದು ಸುತ್ತು ಪೇಪರು ಸುತ್ತಿ, ಮೇಲೆ ಎರಡು ಪ್ಲಾಸ್ಟಿಕ್ಕು ಕಟ್ಟಿ, ಆದರೂ ಪೆಟ್ಟಿಗೆಯೆಲ್ಲ ನಾರುತ್ತಿದೆ ಎಂದು ಇಲ್ಲದ ವಿವರವನ್ನೂ ಕೊಟ್ಟರು. ಆ ಹುಡುಗಿ ನಕ್ಕು, ಸೀಲು ಒತ್ತಿ, ಪಾಸ್‌ಪೋರ್ಟ್ ವಾಪಸ್ ಕೊಡುತ್ತಾ “ಇಂಗಾತ್ ಪೋ” ಎಂದಳಂತೆ. ಹುಷಾರು ಕಣ್ರೀ ಎಂದು ಅರ್ಥ. ಆತೆಯ ಮೆಸೇಜು ಓದಿದ ನನಗೆ ಮಾತ್ರ ಆ ‘ಪೋ’ ಅಪ್ಪಟ ತುಳುವಿನಲ್ಲೇ ಕೇಳಿಸಿತು.

ಭಾನುವಾರ ಫೋಟೊಗಳು ಬಂದವು. ಬೆಳಿಗ್ಗೆಯವು ಹಾಂಗ್‌ಕಾಂಗ್‌ನ ಸೆಂಟ್ರಲ್ ಎಂಬ ಭಾಗದ ಚೇಟರ್ ರೋಡಿನಲ್ಲಿ ತೆಗೆದದ್ದು. ಭಾನುವಾರ ಅಲ್ಲಿ ವಾಹನ ಬಿಡುವುದಿಲ್ಲ. ವಾರಕ್ಕೊಂದೇ ರಜೆಯ ಹೆಣ್ಣುಮಕ್ಕಳು ರಟ್ಟು ಹಾಸಿಕೊಂಡು ರಸ್ತೆಯ ತುಂಬ ಕೂತಿರುತ್ತಾರೆ. ನಡುವೆ ಅನ್ನ, ಒಣಮೀನು, ಎಂಟು ಹತ್ತು ಕೈಗಳು. ಸಂಜೆಯದು ಡಿಸ್ನಿಲ್ಯಾಂಡ್. ಹನ್ನೊಂದು ವರ್ಷದಿಂದ ಅದೇ ಊರಲ್ಲಿರುವ ತಂಗಿ ಅಲ್ಲಿಯವರೆಗೆ ಅದನ್ನು ನೋಡಿರಲಿಲ್ಲವಂತೆ. ಅಕ್ಕನ ಟಿಕೆಟ್ಟು ಹಾಳಾಗುತ್ತದಲ್ಲ ಎಂದು ಇನ್ನೊಂದು ತೆಗೆದುಕೊಂಡು ಜೊತೆಗೆ ಹೋಗಿದ್ದಾಳೆ. ಇಬ್ಬರ ತಲೆಯ ಮೇಲೂ ಇಲಿಯ ಕಿವಿ. ಆತೆಯ ಕಂಕುಳಲ್ಲಿ ನೀಲಿ ಫೈಲು.

ಅದನ್ನು ಹೋಟೆಲಿನಲ್ಲಾದರೂ ಬಿಟ್ಟು ಬರಬಾರದಿತ್ತೇ ಎಂದು ಕೇಳಿದೆ. ಕೂಡಲೇ ಉತ್ತರ ಬಂತು:

“ಬರುವಾಗ ಕೇಳಿದರೆ ಸರ್?”